ಲೀಟರಿಗೆ ನಲವತ್ತು

ಕುರುಗೋಡಿನ ಹುಲುಗೇಶನ ಬಲಗಾಲು ಊರಿಗೇ ಹೆಸರುವಾಸಿ. ಆ ಕಾಲು ಯಾರನ್ನೂ ಒದ್ದದ್ದಿಲ್ಲ. ಆಕ್ಸಿಲರೇಟರ್ ಮೇಲೆ ಒಮ್ಮೆ ಕೂತರೆ ಮೇಲೇಳುತ್ತಿರಲಿಲ್ಲ, ಅಷ್ಟೆ. ಅವನಿಗೊಂದು ಬಿಳಿ ಡೀಸೆಲ್ ಪಿಕಪ್ ಇತ್ತು. ಗದ್ದೆಯಲ್ಲಿ ಹೂತುಕೊಂಡ ಟ್ರ್ಯಾಕ್ಟರು, ರಸ್ತೆಯಲ್ಲಿ ಕೆಟ್ಟು ನಿಂತ ಕಾರು, ಯಾವುದನ್ನಾದರೂ ಹಿಂದೆ ಕಟ್ಟಿಕೊಂಡು ಎಳೆದು ಊರು ಮುಟ್ಟಿಸುವುದು ಅವನ ಕಸುಬು. ಹಿಂದೆ ಏನಿದ್ದರೂ ಅವನ ವೇಗ ಮಾತ್ರ ಒಂದೇ. ಹಾಗೆ ಎಳೆಸಿಕೊಂಡು ಬಂದ ಕಾರಿನ ಮಾಲೀಕನೊಬ್ಬ, ನನ್ನ ಕಾರು ಚೆನ್ನಾಗಿದ್ದಾಗಲೂ ಇಷ್ಟು ಜೋರಾಗಿ ಓಡಿರಲಿಲ್ಲಪ್ಪಾ ಎಂದು ಕೆಳಗಿಳಿದು ಕೈಮುಗಿದಿದ್ದ.

ಪಿಕಪ್ಪಿನ ಹೆಸರು ಗೌರಿ. ಇಟ್ಟವಳು ಸಿರಿಗೇರಿಯಲ್ಲಿದ್ದ ಹುಲುಗೇಶನ ಅತ್ತೆ ಕೊಟ್ರಬಸಮ್ಮ. ಮೂರು ವರ್ಷದ ಹಿಂದೆ ಗಾಡಿ ಶೋರೂಮಿನಿಂದ ಹೊರಬಿದ್ದು ಮೊದಲು ಬಂದು ನಿಂತದ್ದು ಆಕೆಯ ಬಾಗಿಲಿಗೆ. ಅಂದಿನಿಂದ ಅದು ಆಕೆಗೆ ಮನೆಮಗಳು. ಬಂದಾಗಲೆಲ್ಲ ಮುಂಭಾಗಕ್ಕೆ ಅರಿಶಿನ ಕುಂಕುಮ ಹಚ್ಚಿ, ಕನ್ನಡಿಗೆ ಒಂದು ಕುಪ್ಪಸದ ಖಣ ಕಟ್ಟಿ ಕಳಿಸುವಳು. ಖಣ ಕನ್ನಡಿಯನ್ನು ಮುಚ್ಚಿ ಹಿಂದಿನದೇನೂ ಕಾಣುತ್ತಿರಲಿಲ್ಲ. ಹುಲುಗೇಶ ಊರು ದಾಟಿದ ಮೇಲೆ ಬಿಚ್ಚಿ ಹೆಂಡತಿ ಸುಂಕಮ್ಮನಿಗೆ ತಂದುಕೊಡುತ್ತಿದ್ದ.

ಈ ಸುಖಸಂಸಾರಕ್ಕೆ ಪರೀಕ್ಷೆ ತಂದಿಟ್ಟವರು ಬಳ್ಳಾರಿಯ ಸತ್ಯಾತ್ಮ. ಕಂಟೋನ್ಮೆಂಟಿನಲ್ಲಿ ಮನೆ, ಜನರೇಟರ್ ಬಾಡಿಗೆಗೆ ಕೊಡುವ ಕಂಪನಿಯಲ್ಲಿ ಮ್ಯಾನೇಜರ್ ಕೆಲಸ, ಯಾವ ಲೆಕ್ಕವನ್ನೂ ದಶಮಾಂಶ ಬಿಡದೆ ಹೇಳುವ ಸ್ವಭಾವ. ಗಾಡಿಯ ಮೇಲೆ ಕೂರಿಸಿದ ಜನರೇಟರನ್ನು ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ ಎಳೆದು ಮುಟ್ಟಿಸಲು ಅವರಿಗೆ ವರ್ಷವಿಡೀ ಒಂದು ಪಿಕಪ್ ಬೇಕಿತ್ತು. ಡೀಸೆಲ್ ಕಂಪನಿಯದು. ಆದ್ದರಿಂದ ಷರತ್ತು ಒಂದೇ: ಜನರೇಟರ್ ಎಳೆದುಕೊಂಡು ಲೀಟರಿಗೆ ಹತ್ತು ಕಿಲೋಮೀಟರ್ ಕೊಡಬೇಕು. ಗೌರಿ ಕೊಡುತ್ತಿದ್ದದ್ದು ಏಳೂವರೆ.

ಹುಲುಗೇಶನಿಗೆ ಈ ಕೆಲಸ ಬೇಕೇ ಬೇಕಾಗಿತ್ತು. ಯಾರದ್ದಾದರೂ ಗಾಡಿ ಕೆಡಲಿ ಎಂದು ದಾರಿ ಕಾಯುತ್ತ ಸ್ಟ್ಯಾಂಡಿನಲ್ಲಿ ಕೂರುವ ಬದುಕು ಅವನಿಗೆ ಸಾಕಾಗಿತ್ತು. ಬೆಳಿಗ್ಗೆ ಎದ್ದು ಇನ್ನೊಬ್ಬರಿಗೆ ಕೆಟ್ಟದಾಗಲೆಂದು ದೇವರಿಗೆ ಕೈಮುಗಿಯುವುದು ಎಷ್ಟು ದಿನ? ಅಭ್ಯಾಸಕ್ಕೆಂದು ಒಂದು ಜನರೇಟರ್ ಗಾಡಿ ಮತ್ತು ಹದಿನೈದು ದಿನ ಸಮಯ ಕೇಳಿಕೊಂಡು ಬಂದ.

ಮೊದಲು ಬಳ್ಳಾರಿಯ ಪೇಟೆಯಲ್ಲಿ ಒಬ್ಬ ಮಾರುತ್ತಿದ್ದ ಆಯಸ್ಕಾಂತ ತಂದು ಡೀಸೆಲ್ ಪೈಪಿಗೆ ಕಟ್ಟಿದ. ಡೀಸೆಲ್ ಶುದ್ಧಿಯಾಗಿ ಎರಡು ಪಟ್ಟು ಓಡುತ್ತದೆ ಎಂದು ಮಾರಿದವನು ತಾಯಾಣೆ ಹಾಕಿದ್ದ. ಮೈಲೇಜ್ ಕೂದಲೆಳೆಯಷ್ಟೂ ಏರಲಿಲ್ಲ. ಕೊನೆಗೆ ಸುಂಕಮ್ಮ ಅದನ್ನು ಬಿಚ್ಚಿ, ಕಳೆದುಹೋದ ಸೂಜಿ ಹುಡುಕಲು ಇಟ್ಟುಕೊಂಡಳು. ಆ ಕೆಲಸಕ್ಕೆ ಅದು ನಿಜವಾಗಿಯೂ ಚೆನ್ನಾಗಿತ್ತು.

ಆಮೇಲೆ ಊರಿನ ಮೆಕ್ಯಾನಿಕ್ ಅಂಜಿನೇಯನ ಹತ್ತಿರ ಹೋದ. ಅಂಜಿನೇಯ ಗಾಡಿಯನ್ನು ಒಂದು ಸುತ್ತು ಹಾಕಿ, ಇದು ಪಿಕಪ್ಪೋ ಮೆರವಣಿಗೆಯೋ ಎಂದು ಕೇಳಿದ. ತಲೆಯ ಮೇಲೆ ಕಬ್ಬಿಣದ ದೊಡ್ಡ ಚೌಕಟ್ಟು, ಅದರಲ್ಲಿ ಆರು ಲೈಟು, ಮುಂದೆ ಗೂಳಿಯನ್ನೂ ತಡೆಯಬಲ್ಲ ಕಂಬಿ, ಹಿಂದೆ ಎಂದೋ ಎತ್ತಿ ಹಾಕಿದ ಎರಡು ಗುಂಡುಕಲ್ಲು. ಗಾಳಿಗೆ ಎದೆಯೊಡ್ಡುವುದನ್ನೆಲ್ಲ ಬಿಚ್ಚಿಸಿದ. ಪಿಕಪ್ಪಿನದಷ್ಟೇ ಅಲ್ಲ, ಜನರೇಟರ್ ಗಾಡಿಯ ಟೈರುಗಳಿಗೂ ಸರಿಯಾಗಿ ಗಾಳಿ ಹಿಡಿಸಿದ. ಆ ಗಾಡಿಯ ಒಂದು ಚಕ್ರ ಮುಟ್ಟಿದರೆ ಕೈ ಸುಡುತ್ತಿತ್ತು. ಬ್ರೇಕ್ ಬಿಡದೆ ಹಿಡಿದುಕೊಂಡೇ ಇತ್ತು. ಅದನ್ನು ಬಿಡಿಸಿ ಗ್ರೀಸ್ ತುಂಬಿದ. ಏರ್ ಫಿಲ್ಟರಿನಿಂದ ಸೊಪ್ಪಿನ ಒಂದು ಮಡಿ ಮಾಡುವಷ್ಟು ಮಣ್ಣು ಉದುರಿತು.

ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುತ್ತ ಅಂಜಿನೇಯ ಹೇಳಿದ: "ಗಾಡಿದು ಎಲ್ಲಾ ಸರಿ ಮಾಡೀನಿ. ಇನ್ನ ಉಳಿದಿದ್ದು ನಿನ್ನ ಬಲಗಾಲು. ಅದನ್ನ ಸಡಿಲ ಮಾಡೋ ಪಾನಾ ನನ್ನ ಕಡೆ ಇಲ್ಲ."

ಈ ಮಾತು ಹುಲುಗೇಶನಿಗೆ ನಾಟಿತು. ಮರುದಿನದಿಂದ ಅವನು ಐವತ್ತು ದಾಟಲಿಲ್ಲ. ಗಾಡಿಯನ್ನು ಮೆಲ್ಲಗೆ ಹೊರಡಿಸಿ, ಬೇಗ ಗೇರ್ ಬದಲಿಸಿ, ಮುಂದೆ ದನ ಕಂಡರೆ ಫರ್ಲಾಂಗು ದೂರದಿಂದಲೇ ಕಾಲು ತೆಗೆದು, ಚಹಾ ಅಂಗಡಿಯ ಮುಂದೆ ಎಂಜಿನ್ ಆರಿಸಿ ನಿಲ್ಲುವುದನ್ನು ಕಲಿತ. ಹುಲ್ಲು ಹೇರಿದ ಟ್ರ್ಯಾಕ್ಟರುಗಳು ಹಾರ್ನ್ ಹೊಡೆದು ಅವನನ್ನು ದಾಟಿ ಹೋದವು. ಮೊಪೆಡ್ಡಿನಲ್ಲಿ ಮೀನು ಮಾರುವವನು ಪಕ್ಕಕ್ಕೆ ಬಂದು, ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸಿ ಮುಂದೆ ಹೋದ. ಹುಲುಗೇಶ ಹಲ್ಲು ಕಚ್ಚಿಕೊಂಡ. ಅಷ್ಟು ಅವಮಾನವನ್ನು ಅವನು ಬದುಕಿನಲ್ಲಿ ಯಾವತ್ತೂ ನುಂಗಿರಲಿಲ್ಲ. ಆದರೆ ಮೈಲೇಜ್ ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಹತ್ತು ಮುಟ್ಟುವ ಮೊದಲೇ ಪರೀಕ್ಷೆಯ ಶನಿವಾರ ಬಂದುಬಿಟ್ಟಿತು.

ಶನಿವಾರ ಬೆಳಿಗ್ಗೆ ಬಳ್ಳಾರಿಯ ಬಂಕಿನಲ್ಲಿ ಸತ್ಯಾತ್ಮ ನಿಂತು ಟ್ಯಾಂಕಿನ ಬಾಯಿ ತನಕ ಡೀಸೆಲ್ ಹಾಕಿಸಿ, ಮೀಟರಿನ ಫೋಟೊ ತೆಗೆದುಕೊಂಡರು. ಕುರುಗೋಡು, ಸಿರಿಗೇರಿ ಮೇಲೆ ಸಿರುಗುಪ್ಪದ ಗಿರಣಿಗೆ ಹೋಗಿ, ಅದೇ ದಾರಿಯಲ್ಲಿ ಬಂದು ಇದೇ ಪಂಪಿನಲ್ಲಿ ಮತ್ತೆ ಬಾಯಿ ತನಕ ತುಂಬಿಸಬೇಕು. ಎಷ್ಟು ಹಿಡಿಯಿತೋ ಅಷ್ಟು ಸುಟ್ಟಿದೆ ಎಂದರ್ಥ. ಡ್ರೈವರುಗಳು ಡೀಸೆಲ್ ಕದಿಯುವ ಹನ್ನೊಂದು ವಿಧಾನ ಅವರಿಗೆ ಗೊತ್ತಿತ್ತು. ಯಾರಾದರೂ ಡೀಸೆಲ್ ಕೊಟ್ಟು ಹೋಗುತ್ತಾರೆಂಬ ಹನ್ನೆರಡನೆಯದು ಅವರಿಗೆ ಹೊಳೆಯಲಿಲ್ಲ.

ಹುಲುಗೇಶ ಅಂದು ಓಡಿಸಿದ ಹಾಗೆ ಯಾರೂ ಓಡಿಸಿರಲಾರರು. ಕಾಲಿನ ಕೆಳಗೆ ಕೋಳಿಮೊಟ್ಟೆ ಇದ್ದಂತೆ ಒತ್ತಿದ. ಸಿರುಗುಪ್ಪ ಮುಟ್ಟಿ, ಗಿರಣಿಯವರ ಸಹಿ ಹಾಕಿಸಿಕೊಂಡು ತಿರುಗಿದ. ಬರುವಾಗ ಸಿರಿಗೇರಿ. ಹೆಂಡತಿಯ ತವರೂರನ್ನು ಒಳಗೆ ಕಾಲಿಡದೆ ದಾಟಿದರೆ ಮುಂದಿನ ಆರು ತಿಂಗಳು ಮನೆಯಲ್ಲಿ ಅದೇ ಮಾತಾಗುತ್ತದೆ. ಹೋಗಿ ಕೀಗೊಂಚಲನ್ನು ಗೂಟಕ್ಕೆ ಹಾಕಿ, ಅತ್ತೆ ಬಡಿಸಿದ ರೊಟ್ಟಿ ತಿಂದ. ಅತ್ತೆ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಗೌರಿಗೆ ಕುಂಕುಮ ಹಚ್ಚುತ್ತಿರಬೇಕೆಂದು ಅವನು ಇನ್ನೊಂದು ರೊಟ್ಟಿ ಹಾಕಿಕೊಂಡ. ಕುರುಗೋಡಿನಲ್ಲಿ ಸುಂಕಮ್ಮ ದಾರಿಗೆ ಅಡ್ಡ ನಿಂತು, ಮುಖ ತೊಳೆದು ಒಂದು ಲೋಟ ಮಜ್ಜಿಗೆ ಕುಡಿದು ಹೋಗಿ ಎಂದು ಒಳಗೆ ಕಳಿಸಿದಳು. ಅವಳೂ ಹೊರಗೇ ಉಳಿದಳು. ಗಾಡಿಗೆ ದೃಷ್ಟಿ ತೆಗೆಯುತ್ತಿದ್ದಾಳೆ ಎಂದುಕೊಂಡ.

ಸಂಜೆ ಬಂಕಿಗೆ ಬಂದಾಗ ಅವನ ಬೆನ್ನು ನೆಟ್ಟಗಿತ್ತು. ಹತ್ತು ದಾಟಿದೆ ಎಂದು ಬಲಗಾಲೇ ಹೇಳುತ್ತಿತ್ತು. ಮೀಟರಿನಲ್ಲಿ ಸರಿಯಾಗಿ ನೂರ ನಲವತ್ತು ಕಿಲೋಮೀಟರ್. ಸತ್ಯಾತ್ಮ ಪಂಪಿನ ಅಂಕಿಗಳ ಮುಂದೆ ನಿಂತರು. ಒಂದು, ಎರಡು, ಮೂರು, ಮೂರೂವರೆ. ಟ್ಯಾಂಕು ತುಂಬಿತು. ಪಂಪಿನವನು ಗಾಡಿಯನ್ನು ಅಲುಗಿಸಿ ಮತ್ತೆ ಹಾಕಿ ನೋಡಿದ. ಒಂದು ತೊಟ್ಟೂ ಹಿಡಿಯಲಿಲ್ಲ.

ಸತ್ಯಾತ್ಮ ಕ್ಯಾಲ್ಕುಲೇಟರ್ ಎರಡು ಸಲ ಒತ್ತಿದರು. ಲೀಟರಿಗೆ ನಲವತ್ತು ಕಿಲೋಮೀಟರ್.

"ಹುಲುಗೇಶ," ಎಂದರು ನಿಧಾನವಾಗಿ, "ನನ್ನ ಸ್ಕೂಟರ್ ನಲವತ್ತು ಕೊಡ್ತದ. ಅದಕ್ಕ ನಾನು ಜನರೇಟರ್ ಕಟ್ಟಿಲ್ಲ."

ಮೋಸ ಮಾಡಿದವನಿಗೆ ಏನಾದರೂ ಸುಳ್ಳು ಸಿದ್ಧವಿರುತ್ತದೆ, ಹುಲುಗೇಶನ ಹತ್ತಿರ ಅದೂ ಇರಲಿಲ್ಲ. ಅವನು ಬೆಪ್ಪನಂತೆ ಗಾಡಿಯನ್ನೇ ನೋಡಿದ. ಅಷ್ಟರಲ್ಲಿ ಟ್ಯಾಂಕಿನ ಮುಚ್ಚಳ ಕೈಯಲ್ಲಿ ಹಿಡಿದಿದ್ದ ಸತ್ಯಾತ್ಮ ಅದನ್ನು ತಿರುಗಿಸಿ ಅವನ ಮುಂದೆ ಹಿಡಿದರು. ಮುಚ್ಚಳದ ಮೇಲೆ ಹಸಿ ಅರಿಶಿನ, ಅದರ ಮೇಲೆ ದುಂಡಗೆ ಕುಂಕುಮ ಇತ್ತು.

ಹುಲುಗೇಶ ಫೋನ್ ತೆಗೆದು ಸುಂಕಮ್ಮನನ್ನು ಕೇಳಿದ. ಅವಳು ಸ್ವಲ್ಪ ಹೊತ್ತು ಗಾಳಿ ಮಳೆಯ ಮಾತಾಡಿ, ಕೊನೆಗೆ ಐದು ಲೀಟರಿನ ಕ್ಯಾನು ಪೂರ್ತಿ ಸುರಿದದ್ದನ್ನು ಒಪ್ಪಿಕೊಂಡಳು. ಟ್ಯಾಂಕಿನ ಇನ್ನೊಂದು ಕೀ ಅವಳ ಚಹಾಪುಡಿ ಡಬ್ಬಿಯಲ್ಲಿತ್ತು. ಆದರೆ ಕುಂಕುಮ ನಾನು ಹಚ್ಚಿಲ್ಲ, ಅದು ಮೊದಲೇ ಇತ್ತು ಎಂದಳು. ಅವ್ವನಿಗೆ ಪರೀಕ್ಷೆಯ ವಿಷಯ ಹೇಳಿದ್ದೆ ಎಂದೂ ಸೇರಿಸಿದಳು.

ಸಿರಿಗೇರಿಗೆ ಫೋನ್ ಹೋಯಿತು. ಕೊಟ್ರಬಸಮ್ಮನಿಗೆ ಮುಚ್ಚಿಡುವ ಅಗತ್ಯವೇ ಕಾಣಲಿಲ್ಲ. ತವರಿಗೆ ಬಂದ ಮಗಳು, ಅದೂ ಪರೀಕ್ಷೆಗೆ ಹೊರಟವಳು, ಅವಳಿಗೆ ಉಡಿ ತುಂಬದೆ ಕಳಿಸುವುದೇ? ಅಕ್ಕಿ ಕೊಬ್ಬರಿ ತಿನ್ನುವ ಮಗಳಲ್ಲವಾದ್ದರಿಂದ ಪಂಪ್‌ಸೆಟ್ಟಿಗೆಂದು ಇಟ್ಟಿದ್ದ ಡೀಸೆಲ್ ತುಂಬಿದ್ದಳು. ಎಷ್ಟು ಎಂದು ಸತ್ಯಾತ್ಮ ಕೇಳಿದ್ದಕ್ಕೆ ಮಾತ್ರ ಆಕೆಗೆ ಸಿಟ್ಟು ಬಂತು.

"ಉಡಿಗಿ ಹಾಕಿದ್ದನ್ನ ಯಾರಾನ ಅಳೀತಾರೇನ್ರಿ? ಕೊಟ್ಟಿದ್ದು ಕೊಟ್ಟೀನಿ. ಎಣಿಸಿದ್ರ ಮಗಳಿಗೆ ಏಳಿಗಿ ಇಲ್ಲ." ಫೋನ್ ಇಟ್ಟುಬಿಟ್ಟಳು.

ಹುಲುಗೇಶ ಬಂಕಿನ ಕಟ್ಟೆಯ ಮೇಲೆ ಕುಸಿದು ಕೂತ. ಅವನಿಗೆ ನಿಜವಾಗಿಯೂ ಅಳು ಬಂದಿತ್ತು. ಇಷ್ಟು ದಿನ ಮೀನಿನ ಮೊಪೆಡ್ಡನ್ನು ಮುಂದೆ ಬಿಟ್ಟು, ಹಲ್ಲು ಕಚ್ಚಿಕೊಂಡು ಓಡಿಸಿದ್ದು ಎಷ್ಟು ಫಲ ಕೊಟ್ಟಿತು ಎಂಬುದು ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ, ಅವನಿಗೂ. ಮತ್ತೆ ಪರೀಕ್ಷೆ ಮಾಡೋಣವೆಂದರೆ ಜನರೇಟರ್ ಅಂದೇ ಮದುವೆಯೊಂದಕ್ಕೆ ಹೋಗಬೇಕಿತ್ತು, ಸೋಮವಾರ ಕಂಪನಿಯ ಮಾಲೀಕರು ಯಾರಾದರೊಬ್ಬರಿಗೆ ಈ ಕೆಲಸವನ್ನು ಸಹಿ ಹಾಕಿ ಕೊಡುವವರಿದ್ದರು.

"ನಾನು ಕದ್ದಿಲ್ಲ ಸಾರ್," ಎಂದ. "ನಾನು ಚಲೋನೇ ಓಡಿಸೀನಿ. ಅಷ್ಟು ಮಾತ್ರ ನಂಬ್ರಿ."

ಸತ್ಯಾತ್ಮ ನಂಬಿದರೋ ಇಲ್ಲವೋ, ಮುಚ್ಚಳವನ್ನೇ ನೋಡುತ್ತಿದ್ದರು. ಅವರ ತಾಯಿ ತಿರುಮಲಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಉಡಿ ತುಂಬಿದ್ದನ್ನು ಅವರು ಚಿಕ್ಕಂದಿನಿಂದ ಕಂಡವರು. ಹಿಡಿಯಿಂದ ಹಾಕಲಿ, ಸೇರಿನಿಂದ ಹಾಕಲಿ, ಐದೇ ಸಲ. ನಾಲ್ಕಕ್ಕೆ ನಿಲ್ಲಿಸುವಂತಿಲ್ಲ, ಆರಕ್ಕೆ ಹೋಗುವಂತಿಲ್ಲ. ಅಂದರೆ ಅಳೆಯದೆ ಕೊಟ್ಟದ್ದಕ್ಕೂ ಒಂದು ಅಳತೆ ಇದೆ. ಅವರ ಮುಖದಲ್ಲಿ ದಶಮಾಂಶದ ಬೆಳಕು ಮೂಡಿತು. ನಾಳೆ ಬೆಳಿಗ್ಗೆ ಸಿರಿಗೇರಿಗೆ ಹೋಗೋಣ ಎಂದರು.

ಭಾನುವಾರ ಗೌರಿ ಕುರುಗೋಡಿನಲ್ಲಿ ಸುಂಕಮ್ಮನನ್ನೂ ಹತ್ತಿಸಿಕೊಂಡು ತವರಿಗೆ ಬಂತು. ಸತ್ಯಾತ್ಮರ ಮಡಿಲಲ್ಲಿ ಗಾಜಿನ ಅಳತೆಪಾತ್ರೆ. ಕೊಟ್ರಬಸಮ್ಮ ಹಾಲು ಬಾಳೆಹಣ್ಣು ಕೊಟ್ಟು ಉಪಚರಿಸಿದಳು, ಆದರೆ ಲೆಕ್ಕದ ಮಾತಿಗೆ ತುಟಿ ಬಿಗಿದಳು. ಸತ್ಯಾತ್ಮ ಎಷ್ಟು ಹಾಕಿದಿರಿ ಎಂದು ಕೇಳಲೇ ಇಲ್ಲ. ಯಾವುದರಲ್ಲಿ ತುಂಬಿದಿರಿ, ಸ್ವಲ್ಪ ನೋಡಬಹುದೇ ಎಂದರು. ಆಕೆ ಹಿತ್ತಲಿನಿಂದ ಒಂದು ಹೊಸ ಸ್ಟೀಲ್ ಚೊಂಬು ತಂದಳು. ಗೌರಿಗಾಗಿಯೇ ಸಂತೆಯಿಂದ ತಂದದ್ದು. ಮೂರು ಸಲ ತೊಳೆದರೂ ಡೀಸೆಲ್ ವಾಸನೆ ಹೋಗಿರಲಿಲ್ಲ.

"ಪೂರ್ತಿ ತುಂಬಿ ಹಾಕಿದ್ರೇನಮ್ಮ, ಸ್ವಲ್ಪ ಕಡಿಮಿ ಇತ್ತೇನು?"

"ಉಡಿ ಕಡಿಮಿ ಹಾಕೋ ಮನಿ ಅಲ್ರಿ ನಮ್ಮದು. ಕಂಠದ ತನಕ ತುಂಬೀನಿ."

ಸತ್ಯಾತ್ಮ ಚೊಂಬಿನ ಕಂಠದ ತನಕ ನೀರು ಹಾಕಿ ಅಳತೆಪಾತ್ರೆಗೆ ಸುರಿದರು. ಎಂಟುನೂರು ಮಿಲಿ. ಐದು ಸಲಕ್ಕೆ ನಾಲ್ಕು ಲೀಟರ್. ಸುಂಕಮ್ಮನದು ಐದು, ಪಂಪಿನದು ಮೂರೂವರೆ. ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಅಂಚಿನಲ್ಲಿ ಒಟ್ಟು ಹನ್ನೆರಡೂವರೆ ಎಂದು ಬರೆದು, ಭಾಗಿಸಿ, ಕೆಳಗೆ ಎರಡು ಗೆರೆ ಎಳೆದರು.

"ಹನ್ನೊಂದು ಪಾಯಿಂಟ್ ಎರಡು," ಎಂದರು ಸತ್ಯಾತ್ಮ. "ನನ್ನ ಸರ್ವಿಸಿನಾಗ ಜನರೇಟರ್ ಕಟ್ಟಿಕೊಂಡು ಇಷ್ಟು ಯಾರೂ ಕೊಟ್ಟಿಲ್ಲ."

ಹುಲುಗೇಶ ಕೆಳಗೆ ಬಗ್ಗಿ ತನ್ನ ಬಲಗಾಲನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಕೊಟ್ರಬಸಮ್ಮ, ಉಡಿ ತುಂಬಿದ್ದಕ್ಕೇ ಗೌರಿ ಗೆದ್ದಳು ಎಂದು ಬೀದಿಯವರಿಗೆಲ್ಲ ಹೇಳಲು ಹೋದಳು. ಸತ್ಯಾತ್ಮ ಒಪ್ಪಂದದ ಕಾಗದ ತೆಗೆದು, ದಾರಿಯಲ್ಲಿ ಬಂಧುಬಳಗದಿಂದ ಡೀಸೆಲ್ ಸ್ವೀಕರಿಸತಕ್ಕದ್ದಲ್ಲ ಎಂದು ಕೈಯಿಂದ ಒಂದು ಸಾಲು ಸೇರಿಸಿದರು.

ಮರಳಿ ಕುರುಗೋಡಿನಲ್ಲಿ ಸುಂಕಮ್ಮನನ್ನು ಇಳಿಸುವಾಗ ಹುಲುಗೇಶ ಎಂಜಿನ್ ಆರಿಸಿ ಅವಳ ಜೊತೆ ತಾನೂ ಇಳಿದ. ಗೆದ್ದರೂ ಒಂದು ಮುಳ್ಳು ಒಳಗೇ ಉಳಿದಿತ್ತು.

"ನನ್ನ ಮ್ಯಾಲೆ ನಿನಗ ನಂಬಿಕಿನ ಇರಲಿಲ್ಲ, ಅಲ್ಲೇನು?"

ಸುಂಕಮ್ಮ ಒಳಗೆ ಹೋಗಿ ಚಹಾಪುಡಿ ಡಬ್ಬಿ ತಂದು, ಅದರೊಳಗೆ ಕೈ ಹಾಕಿ, ಟ್ಯಾಂಕಿನ ಕೀ ತೆಗೆದು ಸೆರಗಿನಿಂದ ಒರೆಸಿದಳು.

"ಮೂರು ವರ್ಷ ನಿಮ್ಮ ಪಕ್ಕ ಕುಂತು ಕಣ್ಣು ಮುಚ್ಚಿಕೊಂಡು ಬಂದೀನಿ. ಇವತ್ತು ಸಿರಿಗೇರಿಯಿಂದ ಇಲ್ಲೀತನಕ ನಿದ್ದಿ ಮಾಡೀನಿ, ನೋಡಿದ್ರೇನು?" ಎಂದು ಕೀಯನ್ನು ಅವನ ಅಂಗೈಯಲ್ಲಿಟ್ಟಳು. "ಇದು ಇನ್ನ ನಿಮ್ಮ ಕಡೆನ ಇರಲಿ."

ಹುಲುಗೇಶ ಕೀಯನ್ನು ಜೇಬಿಗೆ ಹಾಕಿಕೊಂಡು, ಸತ್ಯಾತ್ಮರನ್ನು ಮನೆಗೆ ಬಿಡಲು ಬಳ್ಳಾರಿಯ ಕಡೆ ಹೊರಟ. ಊರ ಹೊರಗೆ ಮೀನಿನ ಮೊಪೆಡ್ ಹಿಂದಿನಿಂದ ಬಂದು ಹಾರ್ನ್ ಹೊಡೆಯಿತು. ಅವನು ಕೈ ಬೀಸಿ ಅದನ್ನು ಮುಂದೆ ಬಿಟ್ಟ.