ಸಿರುಗುಪ್ಪ ಒತ್ತಿದರೂ ಅಲುಗದ ಚಾರ್ಟು

೧
ಡ್ಯಾಶ್‌ಬೋರ್ಡಿನಿಂದ ಕಥೆ ಶುರು ಮಾಡಿದರೆ ನೀವು ಓದುತ್ತೀರಾ? ನನಗೆ ಅನುಮಾನ. ಹಾಗಾಗಿ ಮೊದಲ ಡ್ರಾಫ್ಟನ್ನು ಬಳ್ಳಾರಿಯ ಬಿಸಿಲಿನಿಂದ ಶುರು ಮಾಡಿದ್ದೆ. (ಹರಿದು ಹಾಕಿದೆ. ಬಳ್ಳಾರಿಯಲ್ಲಿ ಬಿಸಿಲಿದೆ ಅಂತ ಹೇಳಲು ನಾನೇ ಬೇಕೇ?)

ಸರಿ, ನೇರವಾಗಿ ಹೇಳುತ್ತೇನೆ. ಬಳ್ಳಾರಿ ಬ್ರೂಸ್‌ಪೇಟೆಯ ಉಜ್ಜಿನಪ್ಪ ಸಾಹುಕಾರರಿಗೆ ಜೀನ್ಸ್ ಹೊಲಿಯುವ ಎರಡು ಯೂನಿಟ್. ಒಂದು ಸಿರುಗುಪ್ಪದಲ್ಲಿ, ಇನ್ನೊಂದು ಕುರುಗೋಡಿನಲ್ಲಿ. ಒಂದನ್ನು ಮುಚ್ಚುತ್ತಾರೆ. ಯಾವುದನ್ನು ಅಂತ ಅವರ ಆಫೀಸಿನ ನೇತ್ರಾ ಮಾಡಿದ ಡ್ಯಾಶ್‌ಬೋರ್ಡು, ಅಂದರೆ ಎರಡೂ ಯೂನಿಟ್ಟಿನ ಲೆಕ್ಕವನ್ನು ಚಾರ್ಟುಗಳಲ್ಲಿ ತೋರಿಸುವ ಕಂಪ್ಯೂಟರಿನ ಪುಟ, ಹೇಳಬೇಕು.

೨
ಡ್ಯಾಶ್‌ಬೋರ್ಡಿನ ಚಾರ್ಟುಗಳೆಲ್ಲ ನೇತ್ರಾಳವೇ. ಗಿರಾಕಿಗಳು ವಾಪಸ್ ಕಳಿಸಿದ ಪ್ಯಾಂಟುಗಳ ಚಾರ್ಟು ಮಾತ್ರ ಆನ್‌ಲೈನಿನಲ್ಲಿ ಮಾರಿಕೊಡುವ ಕಂಪನಿಯದು. ಅದನ್ನು ಅವರ ವೆಬ್‌ಸೈಟಿನಿಂದ ತಂದು ತನ್ನ ಪುಟದೊಳಗೆ ಕೂರಿಸಿದ್ದಾಳೆ. ಒತ್ತಿದರೆ ಒಳಗಿನ ವಿವರ ಅರಳುತ್ತದೆ. ತಕರಾರು ಒಂದೇ. ಪುಟದ ಮೇಲೆ ‘ಸಿರುಗುಪ್ಪ’ ಅಂತ ಆರಿಸಿದರೆ ಅವಳ ಚಾರ್ಟುಗಳೆಲ್ಲ ಬದಲಾಗುತ್ತವೆ, ಹೊರಗಿನಿಂದ ಬಂದದ್ದು ಕುರುಗೋಡನ್ನೇ ಹಿಡಿದು ಕೂತಿರುತ್ತದೆ. ಅದರೊಳಗೆ ಬೇರೆಯಾಗಿ ಊರು ಆರಿಸಬೇಕು.

ಸಾಹುಕಾರರು ಮೌಸ್ ಮುಟ್ಟುವವರಲ್ಲ. “ಅಲುಗಾಡೋದನ್ನ ನಾ ನಂಬಂಗಿಲ್ಲವ್ವಾ. ಫೋಟೊ ತೆಗ್ದು ವಾಟ್ಸಾಪಿಗೆ ಹಾಕು.”

ನೇತ್ರಾ ಎರಡೂ ಊರಿನ ಪುಟದ ಫೋಟೊ ಹಾಕಿದಳು. ಹೊರಗಿನಿಂದ ತಂದ ಚಾರ್ಟು ಬದಲಿಸಲು ಮರೆತಳು; ಎರಡರಲ್ಲೂ ಕುರುಗೋಡಿನದೇ ಹೋಯಿತು. ನೀಲಿ ಟಿಕ್ ಬಿತ್ತು, ಹಿಂದೆಯೇ ಉತ್ತರ: “ವಾಪಸ್ ಬಂದಿದ್ದು ಎರಡೂ ಕಡಿ ಒಂದಾ ಸಮ ಐತಿ. ಸಿರುಗುಪ್ಪ ದೂರ. ಅದನ್ನ ಮುಚ್ಚಾನು.”

೩
ನೇತ್ರಾಳಿಗೆ ತಪ್ಪು ಕಂಡದ್ದು ಆಮೇಲೆ. ಸಿರುಗುಪ್ಪದಿಂದ ಹೋದ ಪ್ಯಾಂಟು ವಾಪಸ್ ಬರುವುದೇ ಅಪರೂಪ. ಅಲ್ಲಿನ ಯೂನಿಟ್ ನಡೆಸುವ ಸಾವಂತ್ರಮ್ಮ ಒಂದೊಂದನ್ನೂ ಒಳಗೆ ಹೊರಗೆ ತಿರುವಿ ನೋಡಿಯೇ ಕಳಿಸುವಾಕೆ.

“ನೀವಾ ಮರೆಸಿದ್ರಿ ಸರ್,” ಅಂತ ನೇತ್ರಾ ಕಥೆ ಬರೆಯುತ್ತಿದ್ದ ನನ್ನ ಮೇಲೆ ಹಾರಿದಳು. “ನಾ ಅಂಥಾಕಿ ಅಲ್ಲ.”

“ತಪ್ಪೇ ಆಗದಿದ್ದರೆ ನಾನು ಏನು ಬರೆಯಲಮ್ಮ?”

“ನಿಮ್ಮ ಕಥೀಗೆ ಬೆಂಕಿ ಬೀಳ್ಲಿ! ಅಲ್ಲಿ ಸಾವಂತ್ರಮ್ಮಕ್ಕನ ಕೆಲಸ ಹೋಗ್ತೈತಿ.”

೪
ಮುಕ್ತಾಯ ಅ: ನೇತ್ರಾ ಸುಮ್ಮನಿದ್ದುಬಿಡುತ್ತಾಳೆ. (ಬರೆದೆ. ಅವಳೇ ಅಳಿಸಿದಳು.)

ಮುಕ್ತಾಯ ಆ: ಸಾಹುಕಾರರ ಕೋಣೆಗೆ ಓಡುತ್ತಾಳೆ. “ಸಾಹುಕಾರ್ರೆ, ತಪ್ಪು ನಂದು. ಸಿರುಗುಪ್ಪದ್ದು ಚಲೋ ಐತಿ. ಆ ಚಾರ್ಟಿನೊಳಗ ನೀವಾ ಒತ್ತಿ ನೋಡ್ರಿ.”

ಸಾಹುಕಾರರು ಮೊದಲ ಸಲ ಮೌಸ್ ಹಿಡಿದರು. ಒತ್ತಿದರು. ಚಾರ್ಟು ಅಲುಗಿತು.

“ಹಂಗಾದ್ರ ಕುರುಗೋಡು ಮುಚ್ಚಾನು ಬಿಡು.”

ನನಗೆ ಖುಷಿಯೋ ಖುಷಿ. ಶುಭಂ ಅಂತ ಬರೆಯಲು ಹೊರಟೆ.

೫
ಅಷ್ಟರಲ್ಲಿ ಕುರುಗೋಡಿನ ಯೂನಿಟ್ ನಡೆಸುವ ಹುಲುಗಪ್ಪ ಕಥೆಯೊಳಗೆ ಬಂದ. (ಬೇಕೆಂದೇ ಅವನನ್ನು ಹೊರಗಿಟ್ಟಿದ್ದೆ. ನೀವು ಅವನ ಪರ ನಿಂತುಬಿಟ್ಟರೆ?)

“ಸಾವಂತ್ರಮ್ಮಗ ಹೆಸರು ಕೊಟ್ರಿ. ನನ್ನ ಯೂನಿಟ್ಟಿನ್ಯಾಗ ಮಂದಿ ಇಲ್ಲೇನ್ರಿ? ಪ್ಯಾಂಟು ಯಾಕ ವಾಪಸ್ ಬರಾಕ ಹತ್ಯಾವು ಅಂತ ನನ್ನ ಕರದು ಒಂದು ಮಾತು ಕೇಳಿದ್ರ ಏನಾಗ್ತಿತ್ತು?”

ನೇತ್ರಾ ನನ್ನ ಮುಖ ನೋಡಿದಳು. ಯೂನಿಟ್ ಮುಚ್ಚುವ ಸುದ್ದಿ ಹೇಳಲು ಸಾಹುಕಾರರು ಆಗಲೇ ಅವನ ನಂಬರ್ ಹುಡುಕುತ್ತಿದ್ದರು. ಸಿಗ್ನಲ್ ಇಲ್ಲ ಅಂತ ಬರೆದು ಅವರನ್ನು ತಡೆದಿದ್ದೇನೆ. (ಸುಳ್ಳು. ಬ್ರೂಸ್‌ಪೇಟೆಯಲ್ಲಿ ಸಿಗ್ನಲ್ ಚೆನ್ನಾಗಿಯೇ ಬರುತ್ತದೆ.) ಹುಲುಗಪ್ಪ ನನ್ನೆದುರು ಕುರ್ಚಿ ಎಳೆದುಕೊಂಡು ಕೂತಿದ್ದಾನೆ. ಈ ವಾಕ್ಯ ಮುಗಿದ ತಕ್ಷಣ ಅವನ ಜೇಬಿನಲ್ಲಿ ಫೋನ್ ರಿಂಗಾಗುತ್ತದೆ, ಅದಕ್ಕೇ ನಾನು ಇದನ್ನು ಮುಗಿಸದೆ