ಹತ್ತೊಂಬತ್ತು ಹೆಜ್ಜೆ

ನಮ್ಮ ಮಹಿಳಾ ಸಮಾಜದ ಹಜಾರದಲ್ಲಿ ಕಿಟಕಿಯ ಪಕ್ಕದ ಕುರ್ಚಿಯಿಂದ ಬಾಗಿಲಿಗೆ ಹತ್ತೊಂಬತ್ತು ಹೆಜ್ಜೆ. ಇಷ್ಟು ಮಹತ್ವದ ಸಂಗತಿಯನ್ನು ಈವರೆಗೆ ಯಾರೂ ದಾಖಲಿಸಿಲ್ಲವಾದ್ದರಿಂದ, ಮುಂದಿನ ತಲೆಮಾರಿನ ಹಿತದೃಷ್ಟಿಯಿಂದ ನಾನೇ ಬರೆದಿಡುತ್ತಿದ್ದೇನೆ. ನಡೆದವಳು ನನ್ನ ತಂಗಿ ಇಂದುಮತಿ. ಎಣಿಸಿದವಳು ನಾನು, ಕಣ್ಣು ಮುಚ್ಚಿಕೊಂಡು.

ಶಿಬಿರ ನಡೆಸಲು ಬಂದವರು ಪ್ರಫುಲ್ಲಾ ಎಂಬ ಮೆಲುದನಿಯ ಹೆಂಗಸು. ನಾಲ್ಕು ಶನಿವಾರ, ಹನ್ನೆರಡು ಮಂದಿ ಹೆಂಗಸರು; ನಾವು ನಮ್ಮವರನ್ನು ಹೇಗೆ ಹಚ್ಚಿಕೊಳ್ಳುತ್ತೇವೆ ಎಂಬುದು ವಿಷಯ. ಕೆಲವರು ಬಿಟ್ಟುಹೋದಾರೆಂಬ ಭಯಕ್ಕೆ ಬಿಗಿಯಾಗಿ ಹಿಡಿಯುತ್ತಾರಂತೆ. ಕೆಲವರು ಅದೇ ಭಯಕ್ಕೆ ತಾವೇ ಮೊದಲು ದೂರ ನಿಲ್ಲುತ್ತಾರಂತೆ. ನಿಶ್ಚಿಂತೆಯಿಂದ ಹಿಡಿದು ನಿಶ್ಚಿಂತೆಯಿಂದ ಬಿಡುವವರೂ ಇದ್ದಾರಂತೆ. ಈ ಮೂರನೆಯವರು ನಮ್ಮ ಊರಿನಲ್ಲಿ ಕಂಡುಬಂದಿಲ್ಲವೆಂದು ಸಮಾಜದ ಅಧ್ಯಕ್ಷೆ ತುಂಗಕ್ಕ ಖಚಿತಪಡಿಸಿದರು. ನಾನು ಎರಡನೆಯ ಪಂಗಡವೆಂದು ಮೊದಲ ವಾರವೇ ತೀರ್ಮಾನವಾಯಿತು. ನನಗದು ಬಿರುದಿನಂತೆ ಕೇಳಿಸಿತು.

ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಇಂದುವಿಗೆ ದೂರದ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಕೆಲಸ ಸಿಕ್ಕಿತ್ತು. ಹೇರ್‌ಪಿನ್ ಹುಡುಕುವಾಗ ಬೀರುವಿನ ಹಾಸುಕಾಗದದ ಕೆಳಗೆ ಅದರ ನೇಮಕದ ಪತ್ರ ನನ್ನ ಕಣ್ಣಿಗೆ ಬಿದ್ದಿತ್ತು. ಹದಿನೈದು ದಿನದೊಳಗೆ ಒಪ್ಪಿಗೆ ಕಳಿಸಬೇಕು. ನಾನು ಕೇಳಲಿ ಎಂದು ಅವಳು, ಅವಳೇ ಹೇಳಲಿ ಎಂದು ನಾನು. ಹದಿಮೂರು ದಿನ ಕಳೆದಿದ್ದವು.

ಕೊನೆಯ ಶನಿವಾರ ಪ್ರಫುಲ್ಲಾ ಹೇಳಿದರು: "ಕೂತವರು ಕಣ್ಣು ಮುಚ್ಚಿ. ಜೊತೆಯವರು ತಿರುಗಿ ನೋಡದೆ ನಡೀತಾ ಹೋಗ್ಲಿ. ಸಾಕು, ಇನ್ನು ದೂರ ಬೇಡ ಅನ್ನಿಸಿದಾಗ ಕೈ ಎತ್ತಿ. ನಾನು ನಿಲ್ಲಿಸ್ತೀನಿ."

ತುಂಗಕ್ಕ ಎರಡನೇ ಹೆಜ್ಜೆಗೇ ಕೈ ಎತ್ತಿದರು.

"ಇಷ್ಟು ಬೇಗಾನಾ ಅತ್ತೆ?" ಎಂದಳು ಸೊಸೆ.

"ಸೆರಗಲ್ಲಿ ನೆಲ ಗುಡಿಸ್ಕೊಂಡು ಹೋಗ್ತಿದ್ಯಲ್ಲೇ! ಅದು ನನ್ನ ಸೀರೆ ಕಣೇ."

ನಗು ಅಡಗಿದ ಮೇಲೆ ನಮ್ಮ ಸರದಿ ಬಂತು. ಇಂದು ತನ್ನ ಹೆಗಲಿನ ಬಟ್ಟೆಚೀಲ ತೆಗೆದಿರಲಿಲ್ಲ.

"ಚೀಲ ಇಟ್ಟು ಹೋಗೇ."

"ಇರ್ಲಿ ಬಿಡು, ಭಾರ ಏನಿಲ್ಲ. ಅಕ್ಕಾ, ಎತ್ತಬೇಕು ಅನ್ನಿಸಿದ್ರೆ ಎತ್ತು. ಆಯ್ತಾ?"

ಕಣ್ಣು ಮುಚ್ಚಿದೆ. ರೆಪ್ಪೆಯೊಳಗೆ ಮಧ್ಯಾಹ್ನದ ಬಿಸಿಲು ತಿಳಿಗೆಂಪಾಗಿ ತೇಲುತ್ತಿತ್ತು. ಗಾರೆಯ ನೆಲದ ಮೇಲೆ ಅವಳ ಬರಿಗಾಲು ಮೆತ್ತಗೆ ಸದ್ದು ಮಾಡುತ್ತ ಹೋಯಿತು. ಐದು, ಆರು. ಅಮ್ಮ ತೀರಿಕೊಂಡ ವರ್ಷ ಅವಳು ನನ್ನ ಜಡೆಯ ತುದಿ ಹಿಡಿದುಕೊಂಡೇ ಮಲಗುತ್ತಿದ್ದಳು. ಹನ್ನೊಂದು. ಹಜಾರ ಉದ್ದವಾಗುತ್ತಿದೆ ಎನ್ನಿಸಿತು. ಹೆಜ್ಜೆಗಳು ನೀರಿನಾಚೆಯಿಂದ ಕೇಳುವಂತಿದ್ದವು. ಹತ್ತೊಂಬತ್ತಕ್ಕೆ ಹೊಸ್ತಿಲು. ಬಿರುದು ಕಾಪಾಡಿಕೊಂಡು ಕುಳಿತೇ ಇದ್ದೆ. ಆಮೇಲೆ ಅಂಗಳದ ಮರಳು ಚರಚರ ಎಂದಿತು. ಗೇಟು ಕಿರುಗುಟ್ಟಿತು. ಆಗ ನನ್ನ ಕೈ ನನ್ನನ್ನು ಕೇಳದೆ ಮೇಲಕ್ಕೆದ್ದಿತು.

ಕಣ್ಣು ಬಿಟ್ಟರೆ ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಪ್ರಫುಲ್ಲಾ ಕಿಟಕಿಗೆ ಧಾವಿಸಿದರು.

"ಗೇಟ್ ದಾಟಿದಾರೆ. ಕೂಗ್ಲಾ?"

ನಾನೂ ಇಣುಕಿದೆ. ರಸ್ತೆಯ ಆಚೆ ಅಂಚೆ ಕಚೇರಿ. ಇಂದು ಒಂದು ಕೈ ಚೀಲದೊಳಗಿಟ್ಟು, ಗಾಡಿಯೊಂದು ದಾಟಿಹೋಗಲೆಂದು ಕಾಯುತ್ತ ನಿಂತಿದ್ದಳು. ತಿರುಗಿ ನೋಡಲಿಲ್ಲ.

"ಬೇಡ," ಎಂದೆ.

"ಕೂಗ್ಸೇ ಮಾರಾಯ್ತಿ," ಎಂದರು ತುಂಗಕ್ಕ. "ಕೈ ಎತ್ತಿದ್ಯಲ್ಲ!"

"ಕೂಗಿದ್ರೆ ಬಂದ್ಬಿಡ್ತಾಳೆ, ತುಂಗಕ್ಕ."

ಕೈ ಇಳಿಸಿ ಸೆರಗಿನ ಕೆಳಗಿಟ್ಟುಕೊಂಡೆ.

ಇಂದು ಬಂದಾಗ ಹಣೆಯಲ್ಲಿ ಬೆವರಿತ್ತು. ಬಾಗಿಲಲ್ಲೇ ನಿಂತು, "ಎತ್ತಲೇ ಇಲ್ವಾ, ಅಕ್ಕಾ?" ಎಂದಳು.

"ಇಲ್ವಲ್ಲ. ಜೋಂಪು ಹತ್ತಿಬಿಡ್ತು."

ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತೆಂಬುದನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳಲಾರದ ಹೆಂಗಸರು ನೆಲ ನೋಡಿದರು. ತುಂಗಕ್ಕ ಗಂಟಲು ಸರಿಮಾಡಿಕೊಂಡರು.

"ಗೊರಕೆ ಹೊಡೀತಿದ್ಲು ಕಣೇ ನಿಮ್ಮಕ್ಕ."

ಪ್ರಫುಲ್ಲಾ ಪುಸ್ತಕದಲ್ಲಿ ಏನನ್ನೋ ಬರೆದು, ಮತ್ತೆ ಹೊಡೆದುಹಾಕಿದರು. ಇಂದು ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ನಕ್ಕಳು.

"ಒಂದು ಕಾಗದ ಇತ್ತು. ಪೋಸ್ಟಿಗೆ ಹಾಕಿ ಬಂದೆ."

"ಒಳ್ಳೇದಾಯ್ತು," ಎಂದೆ.

ಮುಂದಿನ ತಿಂಗಳ ಒಂದನೆಯ ತಾರೀಖು ಅವಳು ಕೆಲಸಕ್ಕೆ ಹಾಜರಾದಳು.