ರೇಷನ್ ಕಾರ್ಡಿನಲ್ಲಿ ಮೂವತ್ತೇಳು

ಬಿಳಿಗೆರೆಯ ಉಗ್ರಪ್ಪನ ಎದೆಗೆ ಬೆಂಕಿಕಡ್ಡಿ ಗೀರಿದರೆ ಭಗ್ಗನೆ ಹತ್ತಿಕೊಳ್ಳುತ್ತಿತ್ತು. ತೆಂಗಿನ ಮರ ತಬ್ಬಿ ತಬ್ಬಿ ಚರ್ಮ ಅಷ್ಟು ದಡ್ಡುಗಟ್ಟಿತ್ತು. ಅಂಗಾಲಿನ ಬಿರುಕುಗಳಲ್ಲಿ ಒಂದು ಸೇರು ರಾಗಿ ಬಿತ್ತಬಹುದಿತ್ತು. ದಿನಕ್ಕೆ ಎಪ್ಪತ್ತು ಮರ ಹತ್ತುತ್ತಿದ್ದ. ನೂರೆಂದರೂ ಊರಲ್ಲಿ ಯಾರೂ ಜಗಳಕ್ಕೆ ಬರುವುದಿಲ್ಲ.

ಅವನ ಭಾವ ಹೋದ ವರ್ಷ ಪಟೇಲರ ತೋಟದಲ್ಲಿ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಪಟೇಲರು ಬಂದು, ನಾಲ್ಕು ಎಳನೀರು ಇಟ್ಟು, “ದೇವರವ್ನೆ ಬುಡು” ಎಂದು ಹೋಗಿದ್ದರು. ತಾಲ್ಲೂಕು ಕಚೇರಿಯಲ್ಲಿ ಪರಿಹಾರ ಕೇಳೋಣವೆಂದು ಉಗ್ರಪ್ಪ ಹೋದರೆ ಜವಾನ ಬಾಗಿಲು ದಾಟಿಸಲಿಲ್ಲ.

ಆ ಹೊತ್ತಿಗೆ, ತೊಂಬತ್ತೊಂಬತ್ತರ ಚುನಾವಣೆಗೆ ಮುಂಚೆ, ತಿಪಟೂರಿನಲ್ಲಿ ಪಕ್ಷದ ಯುವ ಘಟಕ ಹುಟ್ಟಿತು. ಜಿಲ್ಲೆಯಿಂದ ಬಂದ ಮುಖಂಡರು ಹೇಳಿದರು: “ಸದಸ್ಯರನ್ನ ಯಾರು ಜಾಸ್ತಿ ಮಾಡಿಸ್ತಾರೋ ಅವರೇ ಸುತ್ತಲ ಮೂರು ತಾಲ್ಲೂಕಿಗೂ ಅಧ್ಯಕ್ಷ. ಯಾವ ಕಚೇರಿಗೆ ಹೋದ್ರೂ ಸಾಹೇಬರ ಪಕ್ಕ ಕುರ್ಚಿ.”

ಆ ಕುರ್ಚಿ ಸಿಕ್ಕರೆ ಮರದಿಂದ ಬಿದ್ದವರಿಗೆ ಪರಿಹಾರ ಕೇಳಬಹುದು ಎಂದು ಉಗ್ರಪ್ಪ ಸೈಕಲ್ ಹತ್ತಿದ. ಅರಳಗುಪ್ಪೆ, ಕಂದಿಕೆರೆ, ತುರುವೇಕೆರೆ ಸೀಮೆ ಎಂದು ಅವನು ತುಳಿದದ್ದನ್ನು ನೆಟ್ಟಗೆ ತುಳಿದಿದ್ದರೆ ಕಾಶಿ ಮುಟ್ಟಿ ವಾಪಸು ಬರುತ್ತಿದ್ದ. ಮರ ಹತ್ತುವವರನ್ನು, ಕಾಯಿ ಸುಲಿಯುವವರನ್ನು ಹುಡುಕಿ ಒಂದೇ ಮಾತು ಕೇಳುತ್ತಿದ್ದ: “ನಾಳೆ ನೀನು ಬಿದ್ರೆ ಕೇಳೋರ್ಯಾರ್ಲಾ?”

ಹೆಬ್ಬೆಟ್ಟು ಬೀಳುತ್ತಿತ್ತು. ಆರು ತಿಂಗಳಿಗೆ ಎರಡು ಸಾವಿರ ಸದಸ್ಯರು. ಪಟೇಲರ ಮಗ ಬೆಟ್ಟಸ್ವಾಮಿ ಮಾಡಿಸಿದ್ದು ಹನ್ನೊಂದು. ಅದರಲ್ಲಿ ಇಬ್ಬರು ಅವನ ಭಾವಮೈದುನರು, ಒಬ್ಬ ಸತ್ತಿದ್ದ.

ಅಧ್ಯಕ್ಷರನ್ನು ಆರಿಸುವ ದಿನ ಮುಖಂಡರು ಉಗ್ರಪ್ಪನ ರೇಷನ್ ಕಾರ್ಡು ತಿರುವಿ ನೋಡಿದರು.

“ಮೂವತ್ತೈದು ದಾಟಂಗಿಲ್ಲಪ್ಪ. ಇದರ ಪ್ರಕಾರ ನಿಂಗೆ ಮೂವತ್ತೇಳು.”

“ನಂಗಿನ್ನೂ ಇಪ್ಪತ್ತೇಳು ಕಣ್ರೀ.”

“ಸರ್ಕಾರದ ಸೀಲು ಸುಳ್ಳು ಹೇಳ್ತದಾ?”

ಬೆಟ್ಟಸ್ವಾಮಿಯ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಮೂವತ್ತಮೂರು ಇತ್ತು. ಅವನ ಮಗಳಿಗೆ ಆಗಲೇ ಗಂಡು ನೋಡುತ್ತಿದ್ದರು. ಮೀಸೆಗೆ ಬಳಿದ ಕಪ್ಪು ಬೆವರಿಗೆ ಕರಗಿ ಕಾಲರಿಗೆ ಇಳಿದಿತ್ತು. ಅವನೇ ಯುವ ಅಧ್ಯಕ್ಷನಾದ. ಉಗ್ರಪ್ಪನಿಗೆ ಶಾಲು ಹೊದಿಸಿದರು. ಬೆಟ್ಟಸ್ವಾಮಿ ಬಗ್ಗಿ ಅವನ ಕಾಲು ಮುಟ್ಟಿ, “ಹಿರಿಯರ ಆಶೀರ್ವಾದ ಬೇಕು” ಎಂದ. ಫೋಟೊ ತೆಗೆದರು. ಚಪ್ಪಾಳೆಗೆ ಅಡುಗೆಮನೆಯ ಅನ್ನದ ಹಂಡೆ ಅಲುಗಿತು.

ಮನೆಯಲ್ಲಿ ಅವ್ವ ತಿಮ್ಮಕ್ಕ ರಾಗಿ ಕೇರುತ್ತಿದ್ದಳು.

“ಅವ್ವಾ, ನಂಗೆ ಹತ್ತು ವರ್ಷ ಸೇರಿಸಿದ್ದು ಯಾರು?”

“ಪಟೇಲ್ರು ಕಣಪ್ಪ. ಸಣ್ಣ ಹುಡುಗ್ರನ್ನ ಮರ ಹತ್ತಿಸ್ತೀರಾ ಅಂತ ಯಾರೋ ಆಫೀಸರು ಬಂದಿದ್ರು. ಹನ್ನೊಂದಿದ್ದೋನಿಗೆ ಇಪ್ಪತ್ತೊಂದು ಅಂತ ಬರೆಸಿದ್ರು. ನಿಂಗೊಬ್ಬನಿಗಾ? ನಿನ್ ಜೊತೆ ಹತ್ತೋ ಎಲ್ಲರ್ಗೂವೆ.”

“ನೀನ್ಯಾಕೆ ಸುಮ್ಕಿದ್ದೆ?”

“ಕಾರ್ಡು ಮಾಡಿಸಿಕೊಟ್ರಲ್ಲ ಅಂತ ಕೈ ಮುಗ್ದೆ.”

ಮರುದಿನ ಬೆಳಿಗ್ಗೆ ಉಗ್ರಪ್ಪ ಪಟೇಲರ ತೋಟಕ್ಕೆ ಹೋಗಿ, ಮರದ ಬುಡದಲ್ಲಿ ಟವೆಲ್ ಹಾಸಿ ಕೂತ. ಬೆಟ್ಟಸ್ವಾಮಿ ಬೈಕಿನಲ್ಲಿ ಬಂದ.

“ಹತ್ಲಾ. ಲಾರಿ ಬತ್ತದೆ.”

“ವಯಸ್ಸಾಯ್ತು ಕಣ್ರೀ. ನೀವೇ ಕಾಲಿಗೆ ಬಿದ್ರಲ್ಲ.”

ಜೊತೆಯವನಾದ ಮಾಯಣ್ಣ, “ನಂಗೂ ಮೂವತ್ತೆಂಟು ಬುಡಿ. ಮಂಡಿ ಹಿಡ್ಕಂಡದೆ” ಎಂದು ಪಕ್ಕದಲ್ಲಿ ಕೂತ. ಹತ್ತುವ ಹನ್ನೆರಡು ಜನರೂ ಕೂತರು. ಅವರು ನಕ್ಕ ಸದ್ದಿಗೆ ತಿಪಟೂರು ಸ್ಟೇಷನ್ನಿನಲ್ಲಿ ರೈಲು ಐದು ನಿಮಿಷ ತಡವಾಗಿ ಹೊರಟಿತಂತೆ. ಬೆಟ್ಟಸ್ವಾಮಿ ಬೈಯಲಿಲ್ಲ. ಬೈಕು ತಿರುಗಿಸಿಕೊಂಡು ಹೋದ.

ಮಧ್ಯಾಹ್ನಕ್ಕೆ ಟೆಂಪೋ ಬಂತು. ತುರುವೇಕೆರೆ ಕಡೆಯ ಇಪ್ಪತ್ತು ಜನ ಹಗ್ಗ, ಮಚ್ಚು ಹಿಡಿದು ಇಳಿದರು. ಎಲ್ಲರೂ ಪಕ್ಷದ ಸದಸ್ಯರು. ಒಬ್ಬೊಬ್ಬರ ಹೆಸರನ್ನೂ ಉಗ್ರಪ್ಪನೇ ಬರೆದು ಹೆಬ್ಬೆಟ್ಟು ಒತ್ತಿಸಿದ್ದ. ಅವರಲ್ಲಿ ಹುಚ್ಚರಂಗಯ್ಯ ಎಂಬವನು ತಲೆ ಕೆರೆದುಕೊಂಡ.

“ಅಧ್ಯಕ್ಷರು ಸಂಘಟನೆ ಕೆಲಸ ಅಂತ ಕರೆಸಿದ್ರು ಕಣಣ್ಣ. ಕರೆದಾಗ ಬರ್ಬೇಕು ಅಂತ ನೀನೇ ಅಲ್ವಾ ಹೇಳಿದ್ದು?”

ಕಾಲಿಗೆ ಹಗ್ಗ ಸಿಕ್ಕಿಸಿಕೊಂಡು ಉಗ್ರಪ್ಪ ಕೂತಿದ್ದ ಮರವನ್ನೇ ಹತ್ತಿದ.

ಮೊದಲ ಗೊನೆ ಅವನ ಟವೆಲ್ಲಿನ ಪಕ್ಕಕ್ಕೇ ದೊಪ್ಪೆಂದು ಬಿತ್ತು.

“ಸರ್ಕಳ್ರಣ್ಣ,” ಎಂದು ಹುಚ್ಚರಂಗಯ್ಯ ಮೇಲಿಂದ ಕೂಗಿದ. “ತಲೆ ಮ್ಯಾಲೆ ಬಿದ್ದಾತು.”

ಹನ್ನೆರಡು ಜನ ಎದ್ದು ಸರಿದರು.